ತಾಳವಾಡಿಯ ಪ್ರೌಢಶಾಲಾ ಮಕ್ಕಳಿಗೆ ಉದ್ಯೋಗ ಪರಿಚಯ: ಡೇರಿ, ಹೊಲ, ಕಾಡಿನಿಂದಲೇ ಆರಂಭ

ಈರೋಡು ಜಿಲ್ಲೆಯ ತಾಳವಾಡಿ ಕನ್ನಡ ಮನೆಮಾತಿನವರು ಹೆಚ್ಚಾಗಿರುವ ಗಡಿಸೀಮೆ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಹತ್ತನೇ ತರಗತಿ ಮುಗಿಸಿದ ಕೂಡಲೇ ಯಾವ ಓದು, ಯಾವ ಊರು, ಯಾವ ಭಾಷೆ ಎಂಬ ಮೂರನ್ನೂ ಒಟ್ಟಿಗೆ ತೀರ್ಮಾನಿಸಬೇಕಾಗುತ್ತದೆ. ಕಣ್ಣಾರೆ ನೋಡದ ಕೆಲಸವನ್ನು ಮಕ್ಕಳು ಆರಿಸಿಕೊಳ್ಳುವುದು ಕಷ್ಟ. ಆದ್ದರಿಂದ ಎಂಟು, ಒಂಬತ್ತನೇ ತರಗತಿಯಲ್ಲೇ ಸುತ್ತಮುತ್ತಲ ಕೆಲಸಗಳನ್ನೂ ಯಂತ್ರಗಳನ್ನೂ ಅವರಿಗೆ ಕನ್ನಡದಲ್ಲಿ ತೋರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಏನನ್ನು ತೋರಿಸಬಹುದು?

ಹಾಲಿನ ಡೇರಿ: ಹಾಲಿನ ಬೆಲೆ ನಿಗದಿಯಾಗುವುದು ಕೊಬ್ಬು ಮತ್ತು ಕೊಬ್ಬೇತರ ಘನಾಂಶದ ಅಳತೆಯಿಂದ. ಲ್ಯಾಕ್ಟೋಮೀಟರ್ ತೇಲುವುದರ ಹಿಂದೆ ವಿಜ್ಞಾನ ಪುಸ್ತಕದ ಸಾಂದ್ರತೆಯ ಪಾಠವೇ ಇದೆ.

ಹೊಲ: ಹನಿ ನೀರಾವರಿಯ ಫಿಲ್ಟರ್, ಪಂಪು, ನೀರಿನೊಂದಿಗೆ ಗೊಬ್ಬರ ಬಿಡುವ ವೆಂಚುರಿ. ಇದು ಒತ್ತಡದ ಪಾಠ.

ಸೋಲಾರ್ ಬೇಲಿ: ಇದರಲ್ಲಿ ವಿದ್ಯುತ್ ಸತತವಾಗಿ ಹರಿಯುವುದಿಲ್ಲ, ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಮಿಡಿಯುತ್ತದೆ. ಆನೆಗೆ ಶಾಕ್ ತಗಲುತ್ತದೆ, ಜೀವ ಹೋಗುವುದಿಲ್ಲ. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಪ್ರಾಣಾಪಾಯ, ಅಪರಾಧ ಕೂಡ. ಈ ವ್ಯತ್ಯಾಸ ಮಕ್ಕಳಿಗೆ ತಿಳಿದಿರಲೇಬೇಕು.

ಕಾಡು: ಸತ್ಯಮಂಗಲ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿ ಎಣಿಕೆಗೆ ಮರಕ್ಕೆ ಕಟ್ಟುವ ಕ್ಯಾಮೆರಾ ಪ್ರಾಣಿ ಹಾದುಹೋದಾಗ ತಾನೇ ಚಿತ್ರ ತೆಗೆಯುತ್ತದೆ. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲವಾದ್ದರಿಂದ ಕಂಪ್ಯೂಟರಿನಲ್ಲಿ ಹೋಲಿಸಿ ಗುರುತಿಸುತ್ತಾರೆ.

ಮುಂದಿನ ಓದು

ಹತ್ತರ ನಂತರ ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ತರಬೇತಿ 2 ವರ್ಷ, ಕಂಪ್ಯೂಟರ್ ಆಪರೇಟರ್ 1 ವರ್ಷ. ಪಾಲಿಟೆಕ್ನಿಕ್ ಡಿಪ್ಲೊಮಾ 3 ವರ್ಷ. ಹನ್ನೆರಡನೇ ತರಗತಿಯಲ್ಲಿ ವಿಜ್ಞಾನ ಓದಿದವರಿಗೆ ಮೆಟ್ಟುಪಾಳಯಂ ಮತ್ತು ಕೊಡಗಿನ ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಡೇರಿ ವಿಜ್ಞಾನ ಕಾಲೇಜಿದೆ. ತಮಿಳುನಾಡು ಸರ್ಕಾರ 2022ರ ಮಾರ್ಚ್ 1ರಂದು ಆರಂಭಿಸಿದ ‘ನಾನ್ ಮುದಲ್ವನ್’ ಯೋಜನೆಯಲ್ಲಿ ವೃತ್ತಿ ಮಾರ್ಗದರ್ಶನವೂ ಇದೆ, ಶಾಲೆಯಲ್ಲಿ ವಿಚಾರಿಸಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹೊರನಾಡು, ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗೆ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಯಾರು ಅರ್ಹರೆಂಬುದನ್ನು ಆಯಾ ವರ್ಷದ ಕೈಪಿಡಿಯಲ್ಲೇ ನೋಡಿಕೊಳ್ಳಬೇಕು.

ಮೂರು ಭಾಷೆಯ ಪದಪಟ್ಟಿ

ಅರ್ಜಿ ತಮಿಳಿನಲ್ಲಿ, ಮುಂದಿನ ಪಾಠ ಇಂಗ್ಲಿಷಿನಲ್ಲಿ ಎಂದಾಗ ಜಾಣ ಮಕ್ಕಳೂ ಹಿಂಜರಿಯುತ್ತಾರೆ. ಪ್ರತಿ ಭೇಟಿಯಲ್ಲೂ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಬರೆಸಿ: ವಿದ್ಯುತ್, ಮಿನ್ಸಾರಂ, ಎಲೆಕ್ಟ್ರಿಸಿಟಿ, ಹನಿ ನೀರಾವರಿ, ಸೊಟ್ಟು ನೀರ್ ಪಾಸನಂ, ಡ್ರಿಪ್ ಇರಿಗೇಷನ್. ಎರಡೂ ರಾಜ್ಯದವರೊಡನೆ ಮಾತಾಡಬಲ್ಲವರಿಗೆ ಗಡಿಯ ಇಕ್ಕೆಲದಲ್ಲೂ ಕೆಲಸ ಹುಡುಕಲು ದಾರಿಯಿರುತ್ತದೆ.

ಭೇಟಿಗೆ ಮುನ್ನ

ಮುಖ್ಯೋಪಾಧ್ಯಾಯರ ಮತ್ತು ಪೋಷಕರ ಒಪ್ಪಿಗೆ ಪಡೆಯಬೇಕು. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. 27 ತಿರುವುಗಳ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಸತ್ಯಮಂಗಲದ ಕಡೆ ಹೋದವರು ಹಗಲಿನಲ್ಲೇ ಹಿಂದಿರುಗಬೇಕು. ಮಕ್ಕಳು ನೋಡಲು, ಕೇಳಲು ಬಂದವರು. ಅವರಿಂದ ಕೆಲಸ ಮಾಡಿಸಕೂಡದು.

ಸದಸ್ಯರಲ್ಲಿ ಲೈನ್‌ಮನ್, ನರ್ಸ್, ಡೇರಿ ಕಾರ್ಯದರ್ಶಿ, ಮೆಕ್ಯಾನಿಕ್ ಆಗಿರುವವರು ನಿಮ್ಮ ಊರಿನ ಶಾಲೆಗೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ನೀವು ಬಳಸುವ ಒಂದು ಉಪಕರಣ ತನ್ನಿ. ಆ ಕೆಲಸಕ್ಕೆ ಏನು ಓದಿದಿರಿ, ಎಷ್ಟು ಖರ್ಚಾಯಿತು ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ.