ಮುತ್ತಿಗೆಯ ಕಾಲದ ಮೂವರು ಹಬಶಿ ಸರದಾರರು

1580ರಲ್ಲಿ ವಿಜಯಪುರದ ಸುಲ್ತಾನ ಒಂದನೇ ಅಲಿ ಆದಿಲ್ ಶಾಹನ ಕೊಲೆಯಾದಾಗ ಪಟ್ಟಕ್ಕೆ ಬಂದ ಎರಡನೇ ಇಬ್ರಾಹಿಂ ಇನ್ನೂ ಬಾಲಕ. ರಾಜ್ಯದ ಹೊಣೆ ಅಲಿಯ ಪತ್ನಿ ಚಾಂದಬೀಬಿಯದು. ದರ್ಬಾರಿನ ಜಗಳಗಳ ನಡುವೆ ಅಧಿಕಾರ ಇಖ್ಲಾಸ್ ಖಾನ್, ಹಮೀದ್ ಖಾನ್, ದಿಲಾವರ್ ಖಾನ್ ಎಂಬ ಹಬಶಿ ಸರದಾರರ ಕೈಸೇರಿತು.

ಹಬಶಿಗಳ ಮೂಲ ಇಥಿಯೋಪಿಯಾ ಮತ್ತು ಅದರ ಆಸುಪಾಸಿನ ನಾಡು. ಹಲವರು ಎಳವೆಯಲ್ಲೇ ಗುಲಾಮರಾಗಿ ಮಾರಾಟವಾಗಿ ಕಡಲು ದಾಟಿ ಬಂದವರು. ಹೆತ್ತವರನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಅವರಿಗೆ ದಂಡಿನ ಜೊತೆಗಾರರೇ ಬಳಗ.

ಈ ಮೂವರ ಆಡಳಿತದಲ್ಲೇ ಅಹ್ಮದ್‌ನಗರ ಮತ್ತು ಗೋಲ್ಕೊಂಡದ ಸೈನ್ಯಗಳು ವಿಜಯಪುರವನ್ನು ಮುತ್ತಿದವು. ಮಳೆಗೆ ಕೋಟೆಗೋಡೆಯ ಒಂದು ಭಾಗ ಕುಸಿಯಿತು. ಹಬಶಿಗಳ ಅಪ್ಪಣೆಯಡಿ ಕಾದಲು ಇತರ ಅಮೀರರಿಗೆ ಮನಸ್ಸಿರಲಿಲ್ಲ. ಇದನ್ನರಿತ ಸರದಾರರು ತಾವಾಗಿಯೇ ಅಧಿಕಾರವನ್ನು ಚಾಂದಬೀಬಿಗೆ ಒಪ್ಪಿಸಿದರೆಂದು, ಮುಂದೆ ಇದೇ ಊರಲ್ಲಿ ಕುಳಿತು ಇತಿಹಾಸ ಬರೆದ ಫರಿಶ್ತಾ ಹೇಳುತ್ತಾನೆ. ದರ್ಬಾರಿನ ಚರಿತ್ರೆಯಲ್ಲಿ ಇಂಥ ದೊಡ್ಡತನ ತೀರ ಅಪರೂಪ. ಚಾಂದಬೀಬಿ ಹೊಸದಾಗಿ ನೇಮಿಸಿದ ಅಮೀರ ಶಾಹ ಅಬುಲ್ ಹಸನ್ ಮರಾಠಾ ಸವಾರರನ್ನು ಕರೆಸಿ ವೈರಿಗಳಿಗೆ ದವಸ ತಲುಪುವ ದಾರಿ ಕಡಿಸಿದ. ಸುಮಾರು ಒಂದು ವರ್ಷದ ಮುತ್ತಿಗೆ ತೆರವಾಯಿತು.

ಯುದ್ಧ ಮುಗಿದ ಮೇಲೆ ಆ ಮೂವರು ಸರದಾರರ ಒಗ್ಗಟ್ಟು ಉಳಿಯಲಿಲ್ಲ. ಇಖ್ಲಾಸ್ ಖಾನನನ್ನು ಸೆರೆಹಿಡಿದು ಅವನ ಕಣ್ಣು ಕೀಳಿಸಿದವನು ದಿಲಾವರ್ ಖಾನನೇ. 1590ರಲ್ಲಿ ಇಬ್ರಾಹಿಂ ದಿಲಾವರ್ ಖಾನನನ್ನು ಪದಚ್ಯುತಗೊಳಿಸಿದ.