‘ಫೀಸು ಕಟ್ಟಿದ್ದರೂ ಹಾಲ್ ಟಿಕೆಟ್ ಬಂದಿಲ್ಲ’: ಇಂಗ್ಲಿಷ್ ಅರ್ಜಿಯಲ್ಲಿ ಇದನ್ನು ಬರೆಯೋದು ಹೇಗೆ?

ಕನ್ನಡದಲ್ಲಿ ಈ ಮಾತಿಗೆ ಯಾವ ತೊಡಕೂ ಇಲ್ಲ. ಫೀಸು ಕಟ್ಟಿದ್ದು ವಿದ್ಯಾರ್ಥಿ, ಬರಬೇಕಾದದ್ದು ಹಾಲ್ ಟಿಕೆಟ್. ‘ನಾನು’ ಅನ್ನುವ ಪದ ಇಲ್ಲದಿದ್ದರೂ ಓದಿದವರಿಗೆ ಗೊತ್ತಾಗುತ್ತೆ. ಇದನ್ನೇ ಇಂಗ್ಲಿಷ್‌ಗೆ ತಂದಾಗ ಬಹಳ ಮಂದಿ ಬರೆಯುವುದು ಹೀಗೆ: ‘ಡಿಸ್ಪೈಟ್ ಹ್ಯಾವಿಂಗ್ ಪೇಯ್ಡ್ ದ ಫೀಸ್, ದ ಹಾಲ್ ಟಿಕೆಟ್ ಹ್ಯಾಸ್ ನಾಟ್ ಕಮ್.’ ಒಂದೊಂದು ಪದವನ್ನೂ ಬಿಡಿಯಾಗಿ ನೋಡಿದರೆ ತಪ್ಪಿಲ್ಲ. ಆದರೆ ಇಂಗ್ಲಿಷ್ ವ್ಯಾಕರಣದ ಲೆಕ್ಕದಲ್ಲಿ ಇಲ್ಲಿ ಫೀಸು ಕಟ್ಟಿದ್ದು ಹಾಲ್ ಟಿಕೆಟ್ಟೇ!

ಕಾಲೇಜಿಗೆ ಕೊಡುವ ಅರ್ಜಿ, ಬ್ಯಾಂಕಿಗೆ ಬರೆಯುವ ದೂರು, ಕಂಪನಿಯ ನೋಟಿಸಿಗೆ ಕೊಡುವ ಉತ್ತರ, ಹೀಗೆ ಎಲ್ಲ ಕಡೆ ಈ ಬಗೆಯ ವಾಕ್ಯ ಬೇಕಾಗುತ್ತದೆ. ‘ಇಷ್ಟೆಲ್ಲ ಮಾಡಿಯೂ ನನಗೆ ಹೀಗಾಯಿತು’ ಅಂತ ಹೇಳುವುದೇ ದೂರಿನ ಜೀವಾಳ ತಾನೆ? ಬ್ಯಾಂಕ್ ಮತ್ತು ಎಸ್‌ಎಸ್‌ಸಿ ಪರೀಕ್ಷೆಗಳ ‘ತಪ್ಪು ಹುಡುಕಿ’ ಪ್ರಶ್ನೆಗಳಲ್ಲೂ ಇದು ಪರಿಚಿತ ವಿಷಯ.

‘ಊ’ ಮಾಡುವ ಕೆಲಸ

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಕೃದಂತಾವ್ಯಯ ಅಂತ ಓದಿರುತ್ತೇವೆ: ಓದಿ, ಓದುತ್ತಾ, ಓದದೆ. ಇಂಗ್ಲಿಷ್‌ನ ಪಾರ್ಟಿಸಿಪಲ್ ಹೆಚ್ಚುಕಡಿಮೆ ಇದರ ಹತ್ತಿರದ ನೆಂಟ. ಕನ್ನಡದಲ್ಲಿ ವಿರೋಧ ತೋರಿಸಬೇಕಾದರೆ ಒಂದು ‘ಊ’ ಸೇರಿಸಿದರೆ ಸಾಕು. ‘ರಾತ್ರಿಯಿಡೀ ಓದಿ ಪಾಸಾದ’ ಅಂದರೆ ಓದಿದ್ದಕ್ಕೆ ಪಾಸು. ‘ರಾತ್ರಿಯಿಡೀ ಓದಿಯೂ ಫೇಲಾದ’ ಅಂದರೆ ಓದಿದ್ದು ವ್ಯರ್ಥ.

ಇಂಗ್ಲಿಷ್ ಪಾರ್ಟಿಸಿಪಲ್‌ಗೆ ಇಂಥ ‘ಊ’ ಇಲ್ಲ. ‘ಹ್ಯಾವಿಂಗ್ ಸ್ಟಡೀಡ್ ಆಲ್ ನೈಟ್, ಹಿ ಫೇಲ್ಡ್’ ಅಂತ ಬರೆದರೆ ಓದುವವರು ಮೊದಲು ಕಾರಣವನ್ನೇ ಹುಡುಕುತ್ತಾರೆ. ನಿದ್ದೆಗೆಟ್ಟಿದ್ದಕ್ಕೆ ಫೇಲಾದನೋ ಏನೋ ಅನ್ನಿಸಿಬಿಡುತ್ತೆ. ವಿರೋಧದ ಅರ್ಥ ಬರಬೇಕಾದರೆ ಮುಂದೆ ಒಂದು ಪದ ಬೇಕು: ದೋ, ಆಲ್ದೋ, ವೈಲ್, ಡಿಸ್ಪೈಟ್, ಇನ್ ಸ್ಪೈಟ್ ಆಫ್. ಇಲ್ಲವೇ ಮುಖ್ಯ ವಾಕ್ಯದೊಳಗೆ ‘ಸ್ಟಿಲ್’ ಹಾಕಬೇಕು: ‘ಹ್ಯಾವಿಂಗ್ ಸ್ಟಡೀಡ್ ಆಲ್ ನೈಟ್, ಹಿ ಸ್ಟಿಲ್ ಫೇಲ್ಡ್.’

‘ದೋ’ ಮತ್ತು ‘ಆಲ್ದೋ’ ಚೆನ್ನಾಗಿ ಹೊಂದುವುದು ವಿಶೇಷಣದ ಜೊತೆ, ಇಲ್ಲವೇ ಕ್ರಿಯಾಪದದ ಮೂರನೇ ರೂಪದ ಜೊತೆ. ‘ದೋ ಟಯರ್ಡ್, ಶಿ ಫಿನಿಶ್ಡ್ ದ ವರ್ಕ್’, ‘ದೋ ರಿಟನ್ ಇನ್ ಎ ಹರಿ, ದ ಲೆಟರ್ ವಾಸ್ ಕ್ಲಿಯರ್.’ ಇಲ್ಲೊಂದು ಹಳ್ಳ ಇದೆ, ನೋಡಿಕೊಂಡು ದಾಟಬೇಕು. ಸಕರ್ಮಕ ಕ್ರಿಯಾಪದದ ಮೂರನೇ ರೂಪ ಹೀಗೆ ಒಂಟಿಯಾಗಿ ಬಂದರೆ ಅದು ಕರ್ಮಣಿ ಪ್ರಯೋಗ. ‘ರಿಟನ್’ ಅಂದರೆ ಬರೆದ ಅಲ್ಲ, ಬರೆಯಲ್ಪಟ್ಟ. ಹಾಗಾಗಿ ‘ದೋ ಪೇಯ್ಡ್ ದ ಫೀಸ್’ ನಿಲ್ಲುವುದಿಲ್ಲ. ‘ದೋ ಪೇಯ್ಡ್ ವೆಲ್, ದ ವರ್ಕರ್ಸ್ ಲೆಫ್ಟ್’ ಸರಿ; ಅದರ ಅರ್ಥ ಸಂಬಳ ಚೆನ್ನಾಗಿ ಸಿಕ್ಕರೂ ಕೆಲಸಗಾರರು ಬಿಟ್ಟುಹೋದರು ಅಂತ. ಹಣ ಕಟ್ಟಿದ್ದು ನಾವೇ ಆದರೆ ‘ಡಿಸ್ಪೈಟ್ ಪೇಯಿಂಗ್’ ಅಥವಾ ‘ಡಿಸ್ಪೈಟ್ ಹ್ಯಾವಿಂಗ್ ಪೇಯ್ಡ್’ ಬರಬೇಕು.

ಡಿಸ್ಪೈಟ್ ಜೊತೆ ‘ಆಫ್’ ಬೇಡ. ಆಫ್ ಬೇಕಿರುವುದು ‘ಇನ್ ಸ್ಪೈಟ್’ಗೆ ಮಾತ್ರ. ‘ಡಿಸ್ಪೈಟ್ ಐ ಪೇಯ್ಡ್’ ಕೂಡ ತಪ್ಪು, ಅದರ ಹಿಂದೆ ಪೂರ್ತಿ ವಾಕ್ಯ ಬರುವ ಹಾಗಿಲ್ಲ. ಡಿಸ್ಪೈಟ್ ಆದಮೇಲೆ ಬರುವ ‘ಇಂಗ್’ ರೂಪವನ್ನು ವ್ಯಾಕರಣದ ಪುಸ್ತಕಗಳು ಪಾರ್ಟಿಸಿಪಲ್ ಅನ್ನದೆ ಜೆರಂಡ್ ಅನ್ನುತ್ತವೆ. ಪರೀಕ್ಷೆಗೆ ಓದುವವರು ಈ ಹೆಸರು ನೆನಪಿಟ್ಟುಕೊಂಡರೆ ಸಾಕು, ಅರ್ಜಿ ಬರೆಯುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೆಲಸ ಯಾರದ್ದು ಅನ್ನುವ ನಿಯಮ ಎರಡಕ್ಕೂ ಒಂದೇ.

‘ವೈಲ್’ ಸ್ವಲ್ಪ ಎರಡು ಬಣ್ಣದ್ದು. ‘ವೈಲ್ ವೇಯ್ಟಿಂಗ್ ಫಾರ್ ದ ಬಸ್’ ಅಂದರೆ ಬಸ್ಸಿಗೆ ಕಾಯುತ್ತಿದ್ದಾಗ ಅಂತ, ಬರೀ ಸಮಯ. ‘ವೈಲ್ ಅಗ್ರೀಯಿಂಗ್ ವಿತ್ ದ ಪ್ಲಾನ್, ದ ಮೆಂಬರ್ಸ್ ಆಸ್ಕ್ಡ್ ಫಾರ್ ಮೋರ್ ಟೈಮ್’ ಅಂದರೆ ಯೋಜನೆಗೆ ಒಪ್ಪಿದರೂ ಸದಸ್ಯರು ಇನ್ನಷ್ಟು ಸಮಯ ಕೇಳಿದರು ಅಂತ. ಒಪ್ಪುವುದು, ಒಪ್ಪಿಕೊಳ್ಳುವುದು, ಹೊಗಳುವುದು, ಸ್ವಾಗತಿಸುವುದು ಇಂಥ ಕ್ರಿಯಾಪದಗಳ ಜೊತೆ ‘ವೈಲ್’ಗೆ ವಿರೋಧದ ಅರ್ಥ ಸುಲಭವಾಗಿ ಬರುತ್ತದೆ. ಇಂಗ್ಲಿಷ್ ಪತ್ರಿಕೆಗಳ ಸಭೆಯ ವರದಿಗಳಲ್ಲಿ ಇದು ಮಾಮೂಲು.

ಕಾಮಾ ಆದಮೇಲೆ ಯಾರು?

ಕನ್ನಡದಲ್ಲಿ ‘ದುಡ್ಡು ಕೊಟ್ಟೂ ಕೆಲಸ ಆಗಿಲ್ಲ’ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ‘ಮಳೆ ಬಂದರೂ ರೈತರು ಹೊಲಕ್ಕೆ ಹೋದರು’ ಅನ್ನುವಾಗ ಬಂದದ್ದು ಮಳೆ, ಹೋದದ್ದು ರೈತರು. ಎರಡು ಕರ್ತೃ ಇದ್ದರೂ ವಾಕ್ಯ ಸಲೀಸು. ಮಾಡಿದ್ದು ಯಾರು ಅಂತ ಕನ್ನಡ ಸಂದರ್ಭಕ್ಕೆ ಬಿಟ್ಟುಬಿಡುತ್ತದೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ವಾಕ್ಯದ ಮೊದಲಿಗೆ ಇಂಥ ತುಂಡು ಬಂದು ಕಾಮಾ ಬಿದ್ದಮೇಲೆ, ಮುಖ್ಯ ವಾಕ್ಯದ ಕರ್ತೃವಾಗಿ ಯಾರು ಬರುತ್ತಾರೋ ಆ ಕೆಲಸ ಅವರದ್ದೇ.

ಹಾಲ್ ಟಿಕೆಟ್ ಫೀಸು ಕಟ್ಟಿತು ಅನ್ನುವುದು ನಗು ತರಿಸುವ ತಪ್ಪು. ನಗು ಬಂದರೂ ಗುಮಾಸ್ತರಿಗೆ ವಿಷಯ ಅರ್ಥವಾಗಿರುತ್ತದೆ. ಕಷ್ಟ ಇರುವುದು ನಗು ಬಾರದ ಕಡೆ. ‘ಡಿಸ್ಪೈಟ್ ಹ್ಯಾವಿಂಗ್ ಅಪಾಲಜೈಸ್ಡ್, ದ ಕಾಲೇಜ್ ಡಿಡ್ ನಾಟ್ ಅಲೌ ಮಿ ಟು ರೈಟ್ ದ ಎಕ್ಸಾಮ್’ ಅಂತ ಬರೆದ ವಿದ್ಯಾರ್ಥಿ ಹೇಳಬೇಕಿದ್ದದ್ದು ‘ನಾನು ಕ್ಷಮೆ ಕೇಳಿದ್ದೆ’ ಅಂತ. ಕಾಗದದಲ್ಲಿ ಕ್ಷಮೆ ಕೇಳಿದ್ದು ಕಾಲೇಜು. ‘ಡಿಸ್ಪೈಟ್ ಅಡ್ಮಿಟಿಂಗ್ ದ ಮಿಸ್ಟೇಕ್, ದ ಮ್ಯಾನೇಜರ್ ಸಸ್ಪೆಂಡೆಡ್ ದ ವರ್ಕರ್’ ಅನ್ನುವುದು ಇನ್ನೂ ಕೆಟ್ಟದ್ದು. ಕೆಲಸಗಾರ ತಪ್ಪು ಒಪ್ಪಿಕೊಂಡಿದ್ದರೆ, ಈ ವಾಕ್ಯ ತಪ್ಪನ್ನು ಮ್ಯಾನೇಜರ್ ತಲೆಗೆ ಕಟ್ಟಿದೆ. ಎರಡೂ ನಡೆಯಬಹುದಾದ ಸಂಗತಿಯೇ ಆದ್ದರಿಂದ ಓದಿದವರಿಗೆ ಅನುಮಾನವೂ ಬರುವುದಿಲ್ಲ. ಮುಂದೆ ವಿಚಾರಣೆಯಲ್ಲಿ ಈ ಪತ್ರವನ್ನು ಮೇಜಿನ ಮೇಲಿಟ್ಟರೆ ಬರೆದವರೇ ವಿವರಣೆ ಕೊಡುತ್ತಾ ಕೂರಬೇಕು.

ಸರಿಪಡಿಸಲು ದಾರಿ ಇದೆ. ಕಾಮಾ ಆದಮೇಲೆ ಸರಿಯಾದ ಕರ್ತೃವನ್ನು ತರುವುದು ಒಂದು: ‘ಡಿಸ್ಪೈಟ್ ಹ್ಯಾವಿಂಗ್ ಪೇಯ್ಡ್ ದ ಫೀಸ್, ಐ ಹ್ಯಾವ್ ನಾಟ್ ರಿಸೀವ್ಡ್ ದ ಹಾಲ್ ಟಿಕೆಟ್.’ ಇಲ್ಲವೇ ತುಂಡನ್ನು ಬಿಚ್ಚಿ ಪೂರ್ತಿ ವಾಕ್ಯ ಮಾಡುವುದು: ‘ಆಲ್ದೋ ಐ ಹ್ಯಾವ್ ಪೇಯ್ಡ್ ದ ಫೀಸ್, ದ ಹಾಲ್ ಟಿಕೆಟ್ ಹ್ಯಾಸ್ ನಾಟ್ ಅರೈವ್ಡ್.’ ದೂರು, ಅರ್ಜಿಗಳಿಗೆ ಎರಡನೆಯದೇ ವಾಸಿ. ಅದರಲ್ಲಿ ಯಾರು ಏನು ಮಾಡಿದರು ಅನ್ನುವುದು ಮರೆಯಾಗುವುದಿಲ್ಲ. ಬ್ಯಾಂಕಿನ ಕಂತಿನ ವಿಷಯಕ್ಕೂ ಇದೇ ಲೆಕ್ಕ. ‘ಡಿಸ್ಪೈಟ್ ಪೇಯಿಂಗ್ ಆನ್ ಟೈಮ್, ದ ಬ್ಯಾಂಕ್ ಚಾರ್ಜ್ಡ್ ಎ ಪೆನಾಲ್ಟಿ’ ಅಂದರೆ ಕಂತು ಕಟ್ಟಿದ್ದು ಬ್ಯಾಂಕು. ‘ಐ ವಾಸ್ ಚಾರ್ಜ್ಡ್ ಎ ಪೆನಾಲ್ಟಿ’ ಅಂತ ತಿರುಗಿಸಿದರೆ ಆಯಿತು.

ಮಳೆ, ಬಿಸಿಲು, ರಜೆಯ ಮಾತು ಬಂದಾಗ ಇನ್ನೊಂದು ಎಡವಟ್ಟು. ‘ದೋ ರೇನಿಂಗ್, ಐ ವೆಂಟ್’ ಅಂದರೆ ಮಳೆ ಸುರಿಸಿದ್ದು ನಾನೇ ಅಂದಹಾಗೆ. ‘ದೋ ಇಟ್ ವಾಸ್ ರೇನಿಂಗ್’ ಅಥವಾ ‘ಡಿಸ್ಪೈಟ್ ದ ರೇನ್’ ಸರಿ. ‘ದೋ’ ಬಂದ ವಾಕ್ಯದಲ್ಲಿ ಮತ್ತೆ ‘ಬಟ್’ ಬೇಡ, ‘ಯೆಟ್’ ಬಂದರೆ ಪರವಾಗಿಲ್ಲ. ಇಲ್ಲ ಅನ್ನುವುದನ್ನು ಸೇರಿಸುವಾಗ ‘ನಾಟ್’ ಮುಂದೆ: ‘ಡಿಸ್ಪೈಟ್ ನಾಟ್ ಹ್ಯಾವಿಂಗ್ ಎ ವೆಹಿಕಲ್.’

ಇಂಗ್ಲಿಷ್ ಮನೆಮಾತಾದವರೂ ಇಲ್ಲಿ ಎಡವುತ್ತಾರೆ. ಎಚ್. ಡಬ್ಲ್ಯು. ಫೌಲರ್ ಅವರ 1926ರ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲೇ ಕರ್ತೃ ಇಲ್ಲದೆ ತೂಗಾಡುವ ಪಾರ್ಟಿಸಿಪಲ್‌ಗಳ ಮೇಲೆ ಚರ್ಚೆ ಇದೆ. ನಮ್ಮ ಕಡೆ ತಲೆಮಾರುಗಳಿಂದ ಓದುತ್ತಾ ಬಂದಿರುವ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕವೂ ಈ ತಪ್ಪಿನ ಬಗ್ಗೆ ಎಚ್ಚರಿಸುತ್ತದೆ.

ಕಾನೂನಿನ ಪುಟದಲ್ಲೊಂದು ಹಳೆಯ ತುಂಡು

ಜಮೀನಿನ ತಕರಾರು ಇರುವವರು ವಕೀಲರ ಕಚೇರಿಯಲ್ಲಿ ‘ನಾಟ್‌ವಿತ್‌ಸ್ಟ್ಯಾಂಡಿಂಗ್ ಎನಿಥಿಂಗ್ ಕಂಟೇನ್ಡ್ ಇನ್...’ ಅಂತ ಶುರುವಾಗುವ ವಾಕ್ಯ ನೋಡಿರುತ್ತಾರೆ. ಸಂವಿಧಾನದ 31ಎ ವಿಧಿಯೂ ಹೀಗೇ ಆರಂಭವಾಗುತ್ತದೆ. ‘ವಿತ್‌ಸ್ಟ್ಯಾಂಡ್’ ಅಂದರೆ ಎದುರು ನಿಲ್ಲು. ಅದರ ಪಾರ್ಟಿಸಿಪಲ್‌ಗೆ ‘ನಾಟ್’ ಸೇರಿ ಹುಟ್ಟಿದ ಪದ ಇದು. ಬೇರೆ ಏನಿದ್ದರೂ ಅದು ಇದಕ್ಕೆ ಅಡ್ಡಿಯಲ್ಲ ಅನ್ನುವ ಅರ್ಥ. ಇದೂ ವಿರೋಧ ಹೇಳುವ ಪಾರ್ಟಿಸಿಪಲ್ಲೇ, ಆದರೆ ಕಾಮಾದ ನಿಯಮ ಇದಕ್ಕೆ ತಗಲುವುದಿಲ್ಲ. ಕಾರಣ, ಇದರ ಕರ್ತೃ ಮುಖ್ಯ ವಾಕ್ಯದಲ್ಲಿಲ್ಲ. ‘ಎನಿಥಿಂಗ್’ ರೂಪದಲ್ಲಿ ತುಂಡಿನೊಳಗೇ ಕೂತಿದೆ. ಕಾಯ್ದೆಗಳ ಕನ್ನಡ ಅನುವಾದದಲ್ಲಿ ಇದು ‘ಏನೇ ಒಳಗೊಂಡಿದ್ದರೂ’ ಅಂತ ಬರುತ್ತದೆ. ಅಲ್ಲೂ ಕೆಲಸ ಮಾಡುತ್ತಿರುವುದು ಕೊನೆಯ ‘ಊ’.