ಸ್ಖಾಲಿತ್ಯಗಳ ಸಾಕ್ಷ್ಯ: ಸೃಷ್ಟಿವಾದ, ವಿಕಾಸವಾದ ಮತ್ತು ಶಿಡ್ಲಘಟ್ಟದ ರೇಷ್ಮೆಹುಳು

ಜೀವಿಗಳೆಲ್ಲ ಬೇರೆ ಬೇರೆಯಾಗಿ ಸೃಷ್ಟಿಗೊಂಡುವೋ, ಅಥವಾ ಒಂದು ಮೂಲದಿಂದ ಕಾಲಕ್ರಮದಲ್ಲಿ ಕವಲೊಡೆದು ಬಂದುವೋ ಎಂಬ ಪ್ರಶ್ನೆಯನ್ನು ಪ್ರಾಣಿಶಾಸ್ತ್ರಜ್ಞರಿಗೂ ಮತಾಚಾರ್ಯರಿಗೂ ಬಿಟ್ಟುಬಿಡುವುದು ಚರಿತ್ರೆಯ ವಿದ್ಯಾರ್ಥಿಗಳ ವಾಡಿಕೆ. ಆದರೆ 2018ರ ಜನವರಿಯಲ್ಲಿ ಅಂದಿನ ಕೇಂದ್ರ ಸಚಿವ ಸತ್ಯಪಾಲ್ ಸಿಂಗರು ಡಾರ್ವಿನ್ನನ ಸಿದ್ಧಾಂತವನ್ನು ತಳ್ಳಿಹಾಕಿ, ವಾನರನು ಮಾನವನಾದುದನ್ನು ಕಂಡುದಾಗಿ ನಮ್ಮ ಪೂರ್ವಿಕರಾರೂ ಹೇಳಿಲ್ಲವೆಂದು ವಾದಿಸಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಇದನ್ನು ಖಂಡಿಸಿ ಹೇಳಿಕೆ ಹೊರಡಿಸಿದುವು. ಕಂಡವರಿಲ್ಲದ ಸಂಗತಿಯನ್ನು ನಂಬಬಹುದೇ ಎಂಬುದು ಸಾಕ್ಷ್ಯವಿಚಾರದ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಹೊಣೆ ಚರಿತ್ರಕಾರನಿಗೂ ಉಂಟು. ಆ ಉತ್ತರವನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ನಿದರ್ಶನಗಳೊಡನೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಶಾಸ್ತ್ರದ ಒಂದು ನಿಯಮವನ್ನು ಸ್ಮರಿಸೋಣ. ಎರಡು ಓಲೆಗರಿಯ ಪ್ರತಿಗಳಲ್ಲಿ ಒಂದೇ ಕಥೆಯಿದ್ದ ಮಾತ್ರಕ್ಕೆ ಅವು ಒಂದೇ ಮಾತೃಕೆಯಿಂದ ಇಳಿದುವೆಂದು ಗ್ರಂಥಸಂಪಾದಕನು ಹೇಳಲಾರ; ಇಬ್ಬರು ಕವಿಗಳು ಒಂದೇ ಕಥೆಯನ್ನು ಬರೆದಿರಬಹುದು. ಆದರೆ ಅದೇ ಪದ್ಯದ ಅದೇ ಪಾದದಲ್ಲಿ ಎರಡರಲ್ಲಿಯೂ ಅದೇ ಅಕ್ಷರಗಳು ಲೋಪವಾಗಿದ್ದರೆ, ಅಂಥ ಲೋಪಗಳು ಹಲವು ಕಡೆ ಜೊತೆಜೊತೆಯಾಗಿ ಕಂಡುಬಂದರೆ, ಎರಡಕ್ಕೂ ಮಾತೃಕೆ ಒಂದೇ ಎಂದು ಅವನು ನಿರ್ಣಯಿಸುತ್ತಾನೆ. ನಕಲು ಮಾಡುವುದನ್ನು ಕಂಡವರು ಬೇಕಾಗಿಲ್ಲ. ಸಮಾನವಾದ ಸ್ಖಾಲಿತ್ಯವೇ ಸಾಕ್ಷಿ.

ಡಾರ್ವಿನ್ನನು 1859ರಲ್ಲಿ ತನ್ನ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದಾಗ ಅವನ ಕೈಯಲ್ಲಿದ್ದುದು ಮುಖ್ಯವಾಗಿ ಅಂಗರಚನೆಯ ಸಾದೃಶ್ಯ, ಪಳೆಯುಳಿಕೆ, ಸಾಕುಪ್ರಾಣಿಗಳ ತಳಿ ಮೊದಲಾದುವು. ಡಿ.ಎನ್.ಎ.ಯ ರಚನೆ ಬೆಳಕಿಗೆ ಬಂದುದು 1953ರಲ್ಲಿ. ಚಿಂಪಾಂಜಿಯ ಪೂರ್ಣ ವಂಶಲಿಪಿಯ ಕರಡು ಪ್ರಕಟವಾದುದು 2005ರಲ್ಲಿ. ಒಂದೊಂದೇ ಅಕ್ಷರದ ವ್ಯತ್ಯಾಸಗಳನ್ನಷ್ಟೇ ಗಣಿಸಿದರೆ ಅದಕ್ಕೂ ಮಾನವನ ಲಿಪಿಗೂ ಇರುವ ಅಂತರ ನೂರಕ್ಕೆ ಸುಮಾರು 1.2 ಮಾತ್ರ. ಇದಕ್ಕೆ ಸೃಷ್ಟಿವಾದಿಗಳ ಪ್ರತ್ಯುತ್ತರವೂ ಸಿದ್ಧವಾಗಿದೆ: ಶಿಲ್ಪಿಯೊಬ್ಬನೇ ಆದ ಮೇಲೆ ಶಿಲ್ಪಗಳಲ್ಲಿ ಹೋಲಿಕೆ ಇರಬಾರದೇಕೆ? ಈ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಬರಿಯ ಹೋಲಿಕೆಯಿಂದ ವಿವಾದ ತೀರದು.

ಈ ದೃಷ್ಟಿಯಿಂದ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗುವ ಗೂಡನ್ನು ನೋಡಬೇಕು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಟಿಪ್ಪು ಸುಲ್ತಾನನು ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಪ್ರೋತ್ಸಾಹ ಕೊಟ್ಟುದು ಸುವಿದಿತ. ಮೈಸೂರು ತಳಿಯ ಹೆಣ್ಣಿಗೂ ದ್ವಿತಳಿಯ ಗಂಡಿಗೂ ಸಂಕರ ಮಾಡಿ ಪಡೆದ ಮಿಶ್ರತಳಿಯ ಹುಳುಗಳನ್ನು ಇಲ್ಲಿಯ ರೈತರು ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕುತ್ತ ಬಂದಿದ್ದಾರೆ. ಈ ಹುಳುವಿನ ಚಿಟ್ಟೆ ಹಾರಲಾರದು. ಮನುಷ್ಯನ ಆರೈಕೆಯಿಲ್ಲದೆ ಬಾಳಲಾರದು. ಡಾರ್ವಿನ್ನನು 1868ರ ತನ್ನ ಗ್ರಂಥದಲ್ಲಿ ಸಾಕುಪ್ರಾಣಿಗಳ ನಡುವೆ ಇದನ್ನೂ ಚರ್ಚಿಸಿದ್ದಾನೆ. 2009ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ 29 ಸಾಕುತಳಿಗಳ ಮತ್ತು 11 ಕಾಡುಹುಳುಗಳ ವಂಶಲಿಪಿಯನ್ನು ತುಲನೆ ಮಾಡಲಾಯಿತು. ಸಾಕುಹುಳುಗಳೆಲ್ಲ ಪ್ರಾಯಶಃ ಒಂದೇ ಪಳಗಿಸುವಿಕೆಯಿಂದ ಬಂದುವೆಂದು ಅದರಿಂದ ತಿಳಿದುಬಂದಿತು.

ಇದು ಒಂದೇ ಜಾತಿಯೊಳಗಿನ ಬದಲಾವಣೆ, ಇದನ್ನು ನಾವೂ ಒಪ್ಪುತ್ತೇವೆಂದು ಸೃಷ್ಟಿವಾದಿ ಹೇಳಬಹುದು. ಒಪ್ಪತಕ್ಕ ಮಾತೇ. ಆದರೆ ಇದೇ ಹುಳು ಇನ್ನೊಂದು ವಿಷಯವನ್ನೂ ತೋರಿಸುತ್ತದೆ. ಸಾಕುಹುಳುವಿನಲ್ಲಿ ವರ್ಣತಂತುಗಳು 28 ಜೋಡಿ. ಚೀನದ ಕಾಡುಹುಳುವಿನಲ್ಲಿಯೂ ಅಷ್ಟೆ. ಜಪಾನಿನ ಕಾಡುಹುಳುವಿನಲ್ಲಿ ಮಾತ್ರ 27 ಜೋಡಿ. ಅಲ್ಲಿ ಎರಡು ವರ್ಣತಂತುಗಳು ಬೆಸೆದು ಒಂದಾಗಿವೆ. ಹೀಗಿದ್ದರೂ ಸಾಕುಹುಳುವಿಗೂ ಈ ಜಪಾನಿನ ಹುಳುವಿಗೂ ಸಂಕರವಾಗಿ ಹುಟ್ಟಿದ ಸಂತತಿ ಬಂಜೆಯಲ್ಲ. ವರ್ಣತಂತುಗಳ ಸಂಖ್ಯೆ ಬದಲಾದರೆ ವಂಶವೇ ನಿಲ್ಲುವುದೆಂಬ ಆಕ್ಷೇಪಕ್ಕೆ ಇದು ಪ್ರತ್ಯಕ್ಷ ಸಮಾಧಾನ.

ಇನ್ನು ಮಾನವನ ವಿಷಯ. ಚಿಂಪಾಂಜಿಗೆ ವರ್ಣತಂತುಗಳು 24 ಜೋಡಿ, ಮಾನವನಿಗೆ 23. ಸಾಮಾನ್ಯವಾಗಿ ವರ್ಣತಂತುವಿನ ತುದಿಯಲ್ಲಿರುವ ಅಕ್ಷರಸರಣಿ ಮಾನವನ ಎರಡನೆಯ ವರ್ಣತಂತುವಿನ ಒಡಲಲ್ಲಿಯೇ, ಎರಡು ತುದಿಗಳು ಎದುರುಬದುರಾಗಿ ಬೆಸೆದಂತೆ ಉಳಿದಿರುವುದು 1991ರಲ್ಲಿ ಕಂಡುಬಂದಿತು. ಎರಡು ಓಲೆಗಳನ್ನು ಜೋಡಿಸಿದ ಹೊಲಿಗೆ ಇನ್ನೂ ಅಳಿಸಿಲ್ಲ.

ಇದಕ್ಕಿಂತಲೂ ಸ್ಪಷ್ಟವಾದುದು ಸಿ ಜೀವಸತ್ವದ ನಿದರ್ಶನ. ನಮ್ಮ ದನಕರುಗಳೂ ಮೇಕೆಗಳೂ ಈ ಸತ್ವವನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮಾನವನಿಗೆ ಆ ಶಕ್ತಿಯಿಲ್ಲ. ಚಿಂಪಾಂಜಿಗೂ ನಂದಿಬೆಟ್ಟದ ಕೋತಿಗೂ ಇಲ್ಲ. ಅದಕ್ಕೆ ಬೇಕಾದ ವಂಶವಾಹಿಯು ಮಾನವನಲ್ಲಿ ಇಲ್ಲವೇ ಇಲ್ಲವೆಂದಲ್ಲ; ಮುರಿದ ಶಾಸನದ ಕಲ್ಲಿನಂತೆ ನಿರುಪಯುಕ್ತವಾಗಿ ಬಿದ್ದಿದೆ. ಮಾನವ ಮತ್ತು ವಾನರವರ್ಗದ ಪ್ರಾಣಿಗಳಲ್ಲಿ ಈ ಭಂಗದ ಗುರುತುಗಳು ಸಮಾನವಾಗಿವೆ. ಗಿನಿಯಿಲಿಯಲ್ಲಿಯೂ ಇದೇ ವಂಶವಾಹಿ ಕೆಟ್ಟಿದೆ, ಆದರೆ ಬೇರೆ ರೀತಿಯಲ್ಲಿ. ಒಬ್ಬನೇ ಶಿಲ್ಪಿ ಒಂದೇ ಮಾದರಿಯನ್ನು ಮತ್ತೆ ಮತ್ತೆ ಬಳಸಿದನೆಂದು ಸಾದೃಶ್ಯವನ್ನು ವಿವರಿಸಬಹುದು. ಕೆಲಸಕ್ಕೆ ಬಾರದ ಭಂಗವನ್ನೂ ಅದೇ ಸ್ಥಾನದಲ್ಲಿ ಕೆತ್ತಿದನೆಂದು ಹೇಳುವುದು ಕಷ್ಟ. ಗ್ರಂಥಸಂಪಾದಕನ ನಿಯಮವನ್ನು ಇಲ್ಲಿ ಅನ್ವಯಿಸಿದರೆ ಸಮಾನ ಮಾತೃಕೆಯನ್ನು ಒಪ್ಪದೆ ಗತ್ಯಂತರವಿಲ್ಲ.

ಇಂಥ ಸಾಕ್ಷ್ಯವನ್ನು ಕೇಳುವ ಪರಂಪರೆ ಈ ನಾಡಿಗೆ ಹೊಸದಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬುದು ಅವರ ನಿಲುವಾಗಿತ್ತು. ಆದರೆ 2023ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಿಂದ ವಿಕಾಸವಾದದ ಭಾಗ ಬಿಟ್ಟುಹೋಯಿತು. 1,800ಕ್ಕೂ ಹೆಚ್ಚು ಮಂದಿ ವಿಜ್ಞಾನಿಗಳೂ ಅಧ್ಯಾಪಕರೂ ಪ್ರತಿಭಟಿಸಿ ಸಹಿ ಮಾಡಿದರು. ಹತ್ತನೆಯ ತರಗತಿಯ ಅನಂತರ ವಿಜ್ಞಾನವನ್ನು ಬಿಡುವ ವಿದ್ಯಾರ್ಥಿ ಈ ಸಾಕ್ಷ್ಯವನ್ನು ತೂಗಿನೋಡುವ ಸಂದರ್ಭವನ್ನೇ ಕಳೆದುಕೊಳ್ಳಬಹುದು. ನಷ್ಟವಾಗುವುದು ಒಂದು ಪಾಠಕ್ಕಿಂತ ಹೆಚ್ಚಾಗಿ ಒಂದು ವಿಚಾರಕ್ರಮ.

ಹಾಗಾದರೆ ಭಕ್ತಿಗೆ ಎಡೆಯಿಲ್ಲವೇ ಎಂಬ ಶಂಕೆ ಸಹಜ. ಚಿಂತಾಮಣಿ ತಾಲ್ಲೂಕಿನ ಕೈವಾರವು ಮಹಾಭಾರತದ ಏಕಚಕ್ರಪುರವೆಂದೂ, ಭೀಮನು ಬಕಾಸುರನನ್ನು ಕೊಂದುದು ಅಲ್ಲಿಯೇ ಎಂದೂ ಸ್ಥಳಪುರಾಣ ಹೇಳುತ್ತದೆ. ಆ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಕೈವಾರಕ್ಕೆ ಹೋಗುವ ಭಕ್ತನು ಶಾಸನಗಳಿಗೆ ಅಂಜಿ ಯಾತ್ರೆಯನ್ನು ನಿಲ್ಲಿಸಲಿಲ್ಲ. ಚರಿತ್ರಕಾರನೂ ಪುರಾಣವನ್ನು ಹಿಡಿದು ಶಾಸನದ ಕಾಲವನ್ನು ನಿರ್ಣಯಿಸಲಿಲ್ಲ. ಜಗತ್ತಿಗೆ ಕರ್ತೃವೊಬ್ಬನುಂಟೇ ಎಂಬುದನ್ನು ಡಿ.ಎನ್.ಎ. ಹೇಳಲಾರದು. ಜೀವಿಗಳು ಯಾವ ಕ್ರಮದಲ್ಲಿ ಬಂದುವೆಂಬುದನ್ನು ಅದು ಹೇಳುತ್ತದೆ. ಆ ಲಿಪಿಯನ್ನು ಓದುವಾಗ ನಾವು ಶಾಸನಕ್ಕೆ ತೋರುವ ಪ್ರಾಮಾಣಿಕತೆಯನ್ನೇ ತೋರಬೇಕಾಗಿದೆ.